ಕರಾವಳಿ ಪರವಾನಗಿ ಮೇಲ್ಮನವಿ: ಕ್ಯಾಲಿಫೋರ್ನಿಯದ ಕ್ರಮ

ಕಡಲತೀರದಲ್ಲಿ ಮನೆ, ಹೋಟೆಲು, ರಸ್ತೆ, ತಡೆಗೋಡೆ ಮೊದಲಾದುವನ್ನು ಕಟ್ಟಲು ಸ್ಥಳೀಯ ಆಡಳಿತ ಕೊಟ್ಟ ಪರವಾನಗಿಯನ್ನು ಅದಕ್ಕಿಂತ ಮೇಲಿನ ಸಾರ್ವಜನಿಕ ಸಂಸ್ಥೆಯ ಮುಂದೆ ಪ್ರಶ್ನಿಸುವ ಕಾನೂನುಕ್ರಮವೇ ಕರಾವಳಿ ಪರವಾನಗಿ ಮೇಲ್ಮನವಿ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ ಈ ಕ್ರಮ ಸುಮಾರು ಅರ್ಧ ಶತಮಾನದಿಂದ ಬಳಕೆಯಲ್ಲಿದೆ. 1976ರ ಕ್ಯಾಲಿಫೋರ್ನಿಯ ಕರಾವಳಿ ಕಾಯ್ದೆ ಇದಕ್ಕೆ ಆಧಾರ. ಇದನ್ನು ನಡೆಸುವುದು ಕ್ಯಾಲಿಫೋರ್ನಿಯ ಕರಾವಳಿ ಆಯೋಗ. ಸುಮಾರು 1,100 ಮೈಲಿ, ಅಂದರೆ 1,770 ಕಿ.ಮೀ. ಉದ್ದದ ಈ ತೀರ 15 ಕೌಂಟಿಗಳಿಗೂ 61 ನಗರಗಳಿಗೂ ಹಂಚಿಹೋಗಿದೆ. ದಿನನಿತ್ಯದ ಪರವಾನಗಿಗಳನ್ನು ಬಹುಮಟ್ಟಿಗೆ ಅವೇ ತೀರ್ಮಾನಿಸುತ್ತವೆ. ಆ ತೀರ್ಮಾನ ಇಡೀ ರಾಜ್ಯದ ಹಿತಕ್ಕೆ ಹೊಂದುತ್ತದೆಯೇ ಎಂದು ನೋಡುವ ಹೊಣೆ ಆಯೋಗದ್ದು. ಊರಿನ ಅಧಿಕಾರಕ್ಕೂ ರಾಜ್ಯದ ಹೊಣೆಗೂ ನಡುವಿನ ಕೊಂಡಿ ಮೇಲ್ಮನವಿ. ಅದನ್ನು ಎಳೆಯುವ ಹಕ್ಕು ಆಸ್ತಿಯ ಒಡೆಯನಿಗೆ ಇರುವಂತೆಯೇ ತೀರದಲ್ಲಿ ನಡೆದಾಡುವ ಸಾಮಾನ್ಯನಿಗೂ ಇದೆ.

ಹಿನ್ನೆಲೆ

ಕ್ಯಾಲಿಫೋರ್ನಿಯದಲ್ಲಿ ಸರಾಸರಿ ಉಬ್ಬರ ರೇಖೆಯಿಂದ ಕಡಲ ಕಡೆಗಿರುವ ಒದ್ದೆ ಮರಳು ಸಾರ್ವಜನಿಕರದು. ಸಂಚಾರಯೋಗ್ಯ ನೀರಿನವರೆಗೆ ಹೋಗುವ ದಾರಿಯನ್ನು ಮುಚ್ಚಬಾರದೆಂದು ರಾಜ್ಯದ ಸಂವಿಧಾನವೇ ಹೇಳುತ್ತದೆ. ಆದರೆ ಆ ಮರಳನ್ನು ತಲುಪಬೇಕಾದರೆ ಖಾಸಗಿ ಜಾಗ ದಾಟಬೇಕು. 1960ರ ದಶಕದಲ್ಲಿ ತೀರದ ಉದ್ದಕ್ಕೂ ಕಟ್ಟಡಗಳು ಏಳತೊಡಗಿದಾಗ ಈ ದಾರಿಗಳು ಒಂದೊಂದಾಗಿ ಮುಚ್ಚಿದವು. ಸೊನೋಮ ಕೌಂಟಿಯಲ್ಲಿ ಸೀ ರ‍್ಯಾಂಚ್ ಎಂಬ ವಸತಿ ಯೋಜನೆ ಸುಮಾರು ಹತ್ತು ಮೈಲಿ ತೀರವನ್ನು ಆವರಿಸಿದಾಗ ಜನ ಎಚ್ಚೆತ್ತರು. ಅದೇ ಕೌಂಟಿಯ ಬೊಡೇಗ ಹೆಡ್ ಎಂಬ ಭೂಶಿರದಲ್ಲಿ ಯೋಜಿಸಿದ್ದ ಅಣುವಿದ್ಯುತ್ ಸ್ಥಾವರವನ್ನು ಜನರ ವಿರೋಧ ಮತ್ತು ಭೂಕಂಪದ ಭಯದಿಂದಾಗಿ 1964ರಲ್ಲಿ ಕೈಬಿಡಬೇಕಾಯಿತು. 1969ರ ಜನವರಿ 28ರಂದು ಸಾಂಟ ಬಾರ್ಬರ ಕಡಲಿನಲ್ಲಿ ತೈಲಬಾವಿಯೊಂದು ಸಿಡಿಯಿತು. ಎಣ್ಣೆಯಲ್ಲಿ ಅದ್ದಿಹೋದ ಹಕ್ಕಿಗಳ ಚಿತ್ರಗಳು ದೇಶದ ಮನೆಮನೆಗಳನ್ನು ತಲುಪಿದವು.

ಕರಾವಳಿಯನ್ನು ಕಾಪಾಡುವ ಮಸೂದೆಗಳು ಶಾಸನಸಭೆಯಲ್ಲಿ ಮತ್ತೆ ಮತ್ತೆ ಬಿದ್ದುಹೋದಾಗ ಜನ ನೇರ ಮತದಾನದ ದಾರಿ ಹಿಡಿದರು. ಸೆನೆಟ್‌ನ ನಾಯಕ ಜೇಮ್ಸ್ ಮಿಲ್ಸ್ ಸಾನ್ ಫ್ರಾನ್ಸಿಸ್ಕೊದಿಂದ ಸಾನ್ ಡಿಯೇಗೊದವರೆಗೆ ಸೈಕಲ್ ಯಾತ್ರೆ ನಡೆಸಿ ಪ್ರಚಾರ ಮಾಡಿದರು. 1972ರ ನವೆಂಬರ್ 7ರಂದು ಪ್ರೊಪೊಸಿಷನ್ 20 ಎಂಬ ಜನನಿರ್ಣಯ ಸುಮಾರು ಶೇ. 55 ಮತಗಳಿಂದ ಗೆದ್ದಿತು. ಅದರಿಂದ ಒಂದು ತಾತ್ಕಾಲಿಕ ರಾಜ್ಯ ಆಯೋಗವೂ ಆರು ಪ್ರಾದೇಶಿಕ ಆಯೋಗಗಳೂ ಹುಟ್ಟಿದವು. ಅವು 1975ರಲ್ಲಿ ಸಿದ್ಧಪಡಿಸಿದ ಕರಾವಳಿ ಯೋಜನೆಯ ಮೇಲೆ 1976ರ ಕಾಯ್ದೆ ರೂಪುಗೊಂಡಿತು. ಗವರ್ನರ್ ಜೆರಿ ಬ್ರೌನ್ ಅದಕ್ಕೆ ಸಹಿ ಹಾಕಿದರು. 1977ರ ಜನವರಿ 1ರಿಂದ ಅದು ಜಾರಿಗೆ ಬಂತು. ಜನನಿರ್ಣಯದ ಕರಡು ಮತ್ತು ಕಾಯ್ದೆ ಎರಡರ ರಚನೆಯಲ್ಲೂ ಕೈಯಾಡಿಸಿದ್ದ ಪೀಟರ್ ಡಗ್ಲಸ್ ಮುಂದೆ 1985ರಿಂದ 2011ರವರೆಗೆ ಆಯೋಗದ ಕಾರ್ಯನಿರ್ವಾಹಕ ನಿರ್ದೇಶಕರಾಗಿದ್ದರು.

ಆಯೋಗದಲ್ಲಿ ಮತದಾನದ ಹಕ್ಕುಳ್ಳ 12 ಸದಸ್ಯರಿದ್ದಾರೆ. ಗವರ್ನರ್, ಸೆನೆಟ್‌ನ ನಿಯಮ ಸಮಿತಿ ಮತ್ತು ಅಸೆಂಬ್ಲಿಯ ಸ್ಪೀಕರ್ ತಲಾ ನಾಲ್ವರನ್ನು ನೇಮಿಸುತ್ತಾರೆ. ಇವರಲ್ಲಿ ಅರ್ಧ ಮಂದಿ ಸಾರ್ವಜನಿಕರ ಪ್ರತಿನಿಧಿಗಳು, ಉಳಿದ ಅರ್ಧ ಕರಾವಳಿಯ ನಗರ ಮತ್ತು ಕೌಂಟಿಗಳ ಚುನಾಯಿತರು. ಶಾಸನಸಭೆ ನೇಮಿಸಿದವರನ್ನು ಅದೇ ಸಭೆ ಮನಬಂದಾಗ ತೆಗೆಯಬಹುದಾಗಿದ್ದ ಪದ್ಧತಿ ನ್ಯಾಯಾಲಯದಲ್ಲಿ ಪ್ರಶ್ನೆಗೊಳಗಾದ ಮೇಲೆ 2003ರ ತಿದ್ದುಪಡಿ ಅವರಿಗೆ ನಾಲ್ಕು ವರ್ಷಗಳ ನಿಶ್ಚಿತ ಅವಧಿ ಕೊಟ್ಟಿತು. 2005ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಆಯೋಗದ ರಚನೆಯನ್ನು ಎತ್ತಿಹಿಡಿಯಿತು. ಆಯೋಗ ಪ್ರತಿ ತಿಂಗಳು ಸಭೆ ಸೇರುತ್ತದೆ, ಅದೂ ಒಂದೇ ಊರಿನಲ್ಲಲ್ಲ. ತೀರದ ಒಂದೊಂದು ಭಾಗಕ್ಕೆ ಹೋಗಿ ಅಲ್ಲಿನ ಜನರ ಮಾತು ಕೇಳುವುದು ಮೊದಲಿನಿಂದಲೂ ನಡೆದುಬಂದ ರೂಢಿ.

ಕರಾವಳಿ ವಲಯ ಮತ್ತು 'ಅಭಿವೃದ್ಧಿ'

ಕಾಯ್ದೆ ಅನ್ವಯವಾಗುವ ಕರಾವಳಿ ವಲಯವನ್ನು ನಕ್ಷೆಯಲ್ಲಿ ಗುರುತಿಸಲಾಗಿದೆ. ಕಡಲ ಕಡೆಗೆ ಅದು ರಾಜ್ಯದ ಅಧಿಕಾರವಿರುವ ಮೂರು ಮೈಲಿಯವರೆಗೆ ಚಾಚುತ್ತದೆ. ಒಳನಾಡಿನ ಕಡೆಗೆ ಸಾಮಾನ್ಯವಾಗಿ ಉಬ್ಬರ ರೇಖೆಯಿಂದ 1,000 ಗಜ, ಅಂದರೆ ಸುಮಾರು 914 ಮೀಟರ್. ಅಳಿವೆ, ವನ್ಯಜೀವಿ ನೆಲೆ ಮತ್ತು ವಿಹಾರತಾಣಗಳು ಮುಖ್ಯವಾಗಿರುವ ಕಡೆ ಮೊದಲ ದೊಡ್ಡ ಗುಡ್ಡಸಾಲಿನವರೆಗೆ ಅಥವಾ ಐದು ಮೈಲಿಯವರೆಗೆ, ಯಾವುದು ಕಡಿಮೆಯೋ ಅಷ್ಟು. ಒತ್ತಾಗಿ ಬೆಳೆದ ನಗರಗಳಲ್ಲಿ ವಲಯ 1,000 ಗಜಕ್ಕಿಂತ ಕಿರಿದಾಗಿರುತ್ತದೆ. ಸಾನ್ ಫ್ರಾನ್ಸಿಸ್ಕೊ ಕೊಲ್ಲಿ ಈ ಕಾಯ್ದೆಯ ಹೊರಗಿದೆ. ಅದಕ್ಕೆ 1965ರಲ್ಲಿ ಹುಟ್ಟಿದ ಬೇರೊಂದು ಆಯೋಗವಿದೆ.

ಈ ವಲಯದಲ್ಲಿ 'ಅಭಿವೃದ್ಧಿ' ಎನಿಸಿಕೊಳ್ಳುವ ಬಹುತೇಕ ಕೆಲಸಗಳಿಗೆ ಕರಾವಳಿ ಅಭಿವೃದ್ಧಿ ಪರವಾನಗಿ ಬೇಕು. ಕಾನೂನಿನಲ್ಲಿ ಈ ಮಾತಿನ ಹರವು ದೊಡ್ಡದು. ಕಟ್ಟಡ ಕಟ್ಟುವುದು ಮಾತ್ರವಲ್ಲ, ನೆಲ ಅಗೆಯುವುದು, ಮಣ್ಣು ಸುರಿಯುವುದು, ನಿವೇಶನ ವಿಂಗಡಿಸುವುದು, ನೀರಿನ ಅಥವಾ ನೀರಿನ ದಾರಿಯ ಬಳಕೆಯ ಪ್ರಮಾಣ ಬದಲಿಸುವುದು ಕೂಡ ಅಭಿವೃದ್ಧಿಯೇ. ಗ್ವಲಾಲ ಎಂಬ ಸಣ್ಣ ಊರಿನ ಹಬ್ಬದ ಬಾಣಬಿರುಸು ಪ್ರದರ್ಶನ ಕಡಲಹಕ್ಕಿಗಳ ಗೂಡುಗಳಿಗೆ ತೊಂದರೆ ಕೊಟ್ಟಿತೆಂಬ ಪ್ರಕರಣದಲ್ಲಿ, ಅದೂ ಅಭಿವೃದ್ಧಿಯ ವ್ಯಾಖ್ಯೆಗೆ ಒಳಪಡುತ್ತದೆಂದು 2010ರಲ್ಲಿ ನ್ಯಾಯಾಲಯ ಹೇಳಿತು. ಸಾನ್ ಮಟೇಯೊ ಕೌಂಟಿಯ ಮಾರ್ಟಿನ್ಸ್ ಬೀಚ್‌ಗೆ ಹೋಗುವ ಏಕೈಕ ರಸ್ತೆಯ ಗೇಟನ್ನು ಭಾರತ ಮೂಲದ ಉದ್ಯಮಿ ವಿನೋದ್ ಖೋಸ್ಲಾ ಅವರ ಒಡೆತನದ ಕಂಪನಿ ಮುಚ್ಚಿತ್ತು. ಗೇಟು ಮುಚ್ಚುವುದಕ್ಕೂ ಪರವಾನಗಿ ಬೇಕು ಎಂದು 2017ರಲ್ಲಿ ರಾಜ್ಯದ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಪ್ರಕರಣವನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ.

ಸ್ಥಳೀಯ ಕರಾವಳಿ ಕಾರ್ಯಕ್ರಮ

ಎಲ್ಲ ಪರವಾನಗಿಗಳನ್ನೂ ರಾಜ್ಯವೇ ಕೊಡಬೇಕೆಂಬುದು ಕಾಯ್ದೆಯ ಉದ್ದೇಶವಲ್ಲ. ಪ್ರತಿಯೊಂದು ನಗರ ಮತ್ತು ಕೌಂಟಿ ತನ್ನ ತೀರಕ್ಕೆ ಸ್ಥಳೀಯ ಕರಾವಳಿ ಕಾರ್ಯಕ್ರಮವೊಂದನ್ನು ರೂಪಿಸಬೇಕು. ಅದರಲ್ಲಿ ಎರಡು ಭಾಗ. ಯಾವ ಜಾಗದಲ್ಲಿ ಏನು ಇರಬಹುದೆಂದು ಹೇಳುವ ಭೂಬಳಕೆ ಯೋಜನೆ ಒಂದು. ಅದನ್ನು ಜಾರಿಗೆ ತರುವ ವಲಯನಿಯಮ ಮತ್ತು ಉಪನಿಯಮಗಳು ಇನ್ನೊಂದು. ಇವು ಕಾಯ್ದೆಯ ಮೂರನೆಯ ಅಧ್ಯಾಯದ ನೀತಿಗಳಿಗೆ ಹೊಂದುತ್ತವೆಯೇ ಎಂದು ನೋಡಿ ಆಯೋಗ ಪ್ರಮಾಣೀಕರಿಸುತ್ತದೆ. ಸಾರ್ವಜನಿಕ ದಾರಿ, ವಿಹಾರ, ಜೌಗು ನೆಲ, ಸೂಕ್ಷ್ಮ ಜೀವನೆಲೆ, ಕೃಷಿಭೂಮಿ, ಕಡಲಿನ ನೋಟ, ಕಡಲ್ಕೊರೆತದ ಅಪಾಯ, ಇವೆಲ್ಲ ಆ ಅಧ್ಯಾಯದ ವಿಷಯಗಳು. ಪ್ರಮಾಣೀಕರಣವಾದ ದಿನದಿಂದ ಪರವಾನಗಿ ಕೊಡುವ ಅಧಿಕಾರ ಸ್ಥಳೀಯ ಆಡಳಿತಕ್ಕೆ ಹೋಗುತ್ತದೆ. ಉಬ್ಬರ-ಇಳಿತದ ನೆಲ, ನೀರಿನಡಿಯ ನೆಲ ಮತ್ತು ಸಾರ್ವಜನಿಕ ನ್ಯಾಸದ ಭೂಮಿಯ ಮೇಲಿನ ಮೂಲ ಅಧಿಕಾರ ಮಾತ್ರ ಆಯೋಗದ ಬಳಿಯೇ ಉಳಿಯುತ್ತದೆ.

ಮೇಲ್ಮನವಿಯ ತಕ್ಕಡಿಯೇ ಈ ಕಾರ್ಯಕ್ರಮ. ಸ್ಥಳೀಯ ಆಡಳಿತ ತಾನೇ ಬರೆದ, ಆಯೋಗ ಒಪ್ಪಿದ ನಿಯಮಗಳಿಗೆ ತಾನು ನಿಷ್ಠವಾಗಿದೆಯೇ ಎಂಬುದೇ ಮುಖ್ಯ ಪ್ರಶ್ನೆ. ಕಾರ್ಯಕ್ರಮ ರಚಿಸಲು ಕೆಲವು ಊರುಗಳು ದಶಕಗಳನ್ನೇ ತೆಗೆದುಕೊಂಡವು. ಮಲಿಬು ನಗರದ ಕಾರ್ಯಕ್ರಮವನ್ನು ಆಯೋಗವೇ ಬರೆಯಬೇಕೆಂದು ಶಾಸನಸಭೆ 2000ದಲ್ಲಿ ಕಾನೂನು ಮಾಡಿತು. 2002ರಲ್ಲಿ ಆಯೋಗ ಅದನ್ನು ಅಂಗೀಕರಿಸಿತು. ನಗರ ಇದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿ 2004ರಲ್ಲಿ ಸೋತಿತು.

ಯಾವ ತೀರ್ಮಾನಗಳ ವಿರುದ್ಧ

ಪ್ರಮಾಣೀಕರಣದ ನಂತರ ಕೊಟ್ಟ ಎಲ್ಲ ಪರವಾನಗಿಗಳನ್ನೂ ಆಯೋಗದ ಮುಂದೆ ಒಯ್ಯಲಾಗದು. ಕಾಯ್ದೆಯ 30603ನೆಯ ಸೆಕ್ಷನ್ ಮೇಲ್ಮನವಿಗೆ ಒಳಪಡುವ ಅನುಮತಿಗಳನ್ನು ಹೀಗೆ ಪಟ್ಟಿಮಾಡುತ್ತದೆ:

1. ಕಡಲಿಗೂ ಅದಕ್ಕೆ ಸಮಾನಾಂತರವಾಗಿ ಸಾಗುವ ಮೊದಲ ಸಾರ್ವಜನಿಕ ರಸ್ತೆಗೂ ನಡುವಿನ ಜಾಗ, ಅಥವಾ ಕಡಲದಂಡೆಯ ಒಳ ಅಂಚಿನಿಂದ 300 ಅಡಿಯೊಳಗಿನ ಜಾಗ. ದಂಡೆ ಇಲ್ಲದ ಕಡೆ ಸರಾಸರಿ ಉಬ್ಬರ ರೇಖೆಯಿಂದ ಅಳೆಯಬೇಕು. ಇವುಗಳಲ್ಲಿ ಯಾವ ದೂರ ಹೆಚ್ಚೋ ಅದು ಅನ್ವಯ.

2. ಉಬ್ಬರ-ಇಳಿತದ ನೆಲ, ನೀರಿನಡಿಯ ನೆಲ, ಸಾರ್ವಜನಿಕ ನ್ಯಾಸದ ಭೂಮಿ. ಜೌಗು, ಅಳಿವೆ ಅಥವಾ ತೊರೆಯಿಂದ 100 ಅಡಿಯೊಳಗಿನ ಜಾಗ. ಕಡಲಿಗೆ ಮುಖ ಮಾಡಿದ ಕಡಿದಾದ ದಿಣ್ಣೆಯ ಮೇಲಂಚಿನಿಂದ 300 ಅಡಿಯೊಳಗಿನ ಜಾಗ.

3. ಸೂಕ್ಷ್ಮ ಕರಾವಳಿ ಸಂಪನ್ಮೂಲ ಪ್ರದೇಶವೆಂದು ಗುರುತಿಸಿದ ಜಾಗ.

4. ಕೌಂಟಿಗಳಲ್ಲಿ, ಆಯಾ ವಲಯದ ಪ್ರಧಾನ ಬಳಕೆಯೆಂದು ಹೆಸರಿಸದ ಯಾವುದೇ ಅಭಿವೃದ್ಧಿ. ಉದಾಹರಣೆಗೆ, ಕೃಷಿಯೇ ಪ್ರಧಾನ ಬಳಕೆಯಾದ ಹೊಲದಲ್ಲಿ ವಸತಿಗೃಹ.

5. ದೊಡ್ಡ ಸಾರ್ವಜನಿಕ ಕಾಮಗಾರಿ ಅಥವಾ ದೊಡ್ಡ ಇಂಧನ ಸ್ಥಾವರ.

ಮೊದಲ ನಾಲ್ಕು ಬಗೆಗಳಲ್ಲಿ ಪರವಾನಗಿ ಕೊಟ್ಟರೆ ಮಾತ್ರ ಮೇಲ್ಮನವಿ, ನಿರಾಕರಿಸಿದರೆ ಇಲ್ಲ. ಐದನೆಯದರಲ್ಲಿ ಕೊಟ್ಟರೂ ಉಂಟು, ನಿರಾಕರಿಸಿದರೂ ಉಂಟು. ಇಡೀ ಪ್ರದೇಶಕ್ಕೆ ಬೇಕಾದ ನೀರು, ವಿದ್ಯುತ್ತು, ರಸ್ತೆಯನ್ನು ಒಂದೇ ಊರು ತಡೆಯದಿರಲಿ ಎಂಬುದು ಇದರ ಹಿಂದಿನ ಕಾರಣ. ಲಾಸ್ ಏಂಜಲೀಸ್‌ನಂತೆ ಪೂರ್ಣ ಕಾರ್ಯಕ್ರಮವಿಲ್ಲದೆಯೂ ಪರವಾನಗಿ ಕೊಡುವ ಅಧಿಕಾರ ಪಡೆದ ನಗರಗಳಿವೆ. ಅಂಥ ಕಡೆ ಮೇಲ್ಮನವಿಯ ವ್ಯಾಪ್ತಿ ಇನ್ನೂ ವಿಶಾಲ, ಅಳತೆಗೋಲು ಕಾಯ್ದೆಯ ಮೂರನೆಯ ಅಧ್ಯಾಯ.

ಯಾರು, ಯಾವ ಆಧಾರದ ಮೇಲೆ

ಮೂರು ಬಗೆಯವರು ಮೇಲ್ಮನವಿ ಸಲ್ಲಿಸಬಹುದು: ಪರವಾನಗಿ ಕೇಳಿದ ಅರ್ಜಿದಾರ, 'ಬಾಧಿತ ವ್ಯಕ್ತಿ', ಆಯೋಗದ ಯಾರಾದರೂ ಇಬ್ಬರು ಸದಸ್ಯರು. ಬಾಧಿತ ವ್ಯಕ್ತಿಯೆಂದರೆ ನೆರೆಮನೆಯವನೋ ನಷ್ಟಕ್ಕೊಳಗಾದವನೋ ಆಗಿರಬೇಕಿಲ್ಲ. ಸ್ಥಳೀಯ ವಿಚಾರಣೆಗೆ ತಾನೇ ಹೋಗಿ ಅಥವಾ ಪ್ರತಿನಿಧಿಯ ಮೂಲಕ ಮಾತಾಡಿದ್ದರೆ ಸಾಕು. ವಿಚಾರಣೆಗೆ ಮುಂಚೆ ಪತ್ರ ಬರೆದು ಆತಂಕ ತಿಳಿಸಿದ್ದರೂ ಸಾಕು. ಇವೆರಡೂ ಸಾಧ್ಯವಾಗದಿದ್ದುದಕ್ಕೆ ತಕ್ಕ ಕಾರಣವಿದ್ದರೂ ಕಾನೂನು ಒಪ್ಪುತ್ತದೆ. ಈ ವ್ಯಾಖ್ಯೆಯಲ್ಲೇ ವ್ಯವಸ್ಥೆಯ ಜೀವವಿದೆ. ಅದು ಆಸ್ತಿಯನ್ನು ಕೇಳುವುದಿಲ್ಲ, ಪಾಲ್ಗೊಂಡಿದ್ದೀಯಾ ಎಂದು ಮಾತ್ರ ಕೇಳುತ್ತದೆ. ಊರಿನ ಸಭೆ ನಡೆದಾಗ ಸುಮ್ಮನಿದ್ದು ಆಮೇಲೆ ಎದ್ದವನಿಗೆ ಈ ಬಾಗಿಲು ಸಾಮಾನ್ಯವಾಗಿ ತೆರೆಯದು.

ಮೊದಲು ಊರಿನೊಳಗಿನ ಮೆಟ್ಟಿಲುಗಳನ್ನು ಹತ್ತಿ ಮುಗಿಸಬೇಕು. ಯೋಜನಾ ಮಂಡಳಿಯ ತೀರ್ಮಾನವನ್ನು ನಗರಸಭೆ ಅಥವಾ ಕೌಂಟಿ ಮೇಲ್ವಿಚಾರಕರ ಮಂಡಳಿಯಲ್ಲಿ ಪ್ರಶ್ನಿಸಿದ ಮೇಲೆ ಮಾತ್ರ ಆಯೋಗದ ಸರದಿ. ಆದರೆ ಸ್ಥಳೀಯ ಮೇಲ್ಮನವಿಗೆ ಶುಲ್ಕ ವಿಧಿಸುವ ಊರಾಗಿದ್ದರೆ ನೇರವಾಗಿ ಆಯೋಗಕ್ಕೆ ಹೋಗಬಹುದು. ಆಯೋಗ ಮೇಲ್ಮನವಿಗೆ ಶುಲ್ಕ ಪಡೆಯುವುದಿಲ್ಲ. ಮೇಲ್ನೋಟಕ್ಕೇ ಹುರುಳಿಲ್ಲದ್ದೆಂದು ಕಾರ್ಯನಿರ್ವಾಹಕ ನಿರ್ದೇಶಕರು ನಿರ್ಧರಿಸಿದರೆ ಮಾತ್ರ 300 ಡಾಲರ್ ಠೇವಣಿ ಇಡಬೇಕು. ಮುಂದೆ ಆಯೋಗ ಅದರಲ್ಲಿ ಹುರುಳು ಕಂಡರೆ ಆ ಹಣ ಮರಳುತ್ತದೆ.

ಅನುಮತಿಯನ್ನು ಪ್ರಶ್ನಿಸಲು ಎರಡೇ ಆಧಾರಗಳಿವೆ. ಯೋಜನೆ ಪ್ರಮಾಣೀಕೃತ ಸ್ಥಳೀಯ ಕಾರ್ಯಕ್ರಮಕ್ಕೆ ಹೊಂದುವುದಿಲ್ಲ ಎಂಬುದು ಒಂದು. ಕಾಯ್ದೆಯ ಸಾರ್ವಜನಿಕ ದಾರಿಯ ನೀತಿಗಳಿಗೆ ಹೊಂದುವುದಿಲ್ಲ ಎಂಬುದು ಇನ್ನೊಂದು. ಕಟ್ಟಡ ಚೆನ್ನಾಗಿ ಕಾಣುವುದಿಲ್ಲ, ನನ್ನ ಮನೆಯ ಬೆಲೆ ಇಳಿಯುತ್ತದೆ ಎಂಬ ಮಾತುಗಳಿಗೆ ಇಲ್ಲಿ ತೂಕವಿಲ್ಲ. ಕಾರ್ಯಕ್ರಮದ ಯಾವ ನೀತಿ ಎಲ್ಲಿ ಮುರಿದಿದೆ ಎಂದು ಬೊಟ್ಟು ಮಾಡಿ ತೋರಿಸುವ ಮನವಿಯೇ ನಿಲ್ಲುವ ಮನವಿ.

ಕಾಲಮಿತಿ

ಸ್ಥಳೀಯ ಆಡಳಿತ ತನ್ನ ಅಂತಿಮ ತೀರ್ಮಾನವನ್ನು ಏಳು ದಿನಗಳೊಳಗೆ ಆಯೋಗಕ್ಕೆ ತಿಳಿಸಬೇಕು. ಆ ಸೂಚನೆ ಆಯೋಗದ ಜಿಲ್ಲಾ ಕಚೇರಿಗೆ ತಲುಪಿದ ಮೇಲೆ ಹತ್ತು ಕೆಲಸದ ದಿನಗಳ ಗಡಿಯಾರ ಓಡತೊಡಗುತ್ತದೆ. ಹತ್ತನೆಯ ದಿನ ಕಚೇರಿ ಮುಚ್ಚುವುದರೊಳಗೆ ಮೇಲ್ಮನವಿ ತಲುಪಿರಬೇಕು. ತಲುಪದಿದ್ದರೆ ಸ್ಥಳೀಯ ತೀರ್ಮಾನವೇ ಅಂತಿಮ. ಅಂಚೆಗೆ ಹಾಕಿದ ದಿನವನ್ನಲ್ಲ, ಕೈಸೇರಿದ ದಿನವನ್ನು ಲೆಕ್ಕ ಹಿಡಿಯುತ್ತಾರೆ. ಸೂಚನೆಯಲ್ಲೇ ಕುಂದಿದ್ದರೆ ಗಡಿಯಾರ ಓಡುವುದಿಲ್ಲ. ಸಕ್ರಮ ಮೇಲ್ಮನವಿ ದಾಖಲಾದ ಕ್ಷಣದಿಂದ ಪರವಾನಗಿಗೆ ತಡೆ ಬೀಳುತ್ತದೆ, ಒಂದು ಇಟ್ಟಿಗೆಯನ್ನೂ ಇಡುವಂತಿಲ್ಲ. ನಂತರ 49 ಕೆಲಸದ ದಿನಗಳೊಳಗೆ ಆಯೋಗ ವಿಚಾರಣೆಗೆ ದಿನ ಗೊತ್ತುಮಾಡಬೇಕು. ಅರ್ಜಿದಾರ ಬಯಸಿದರೆ ಈ ಗಡುವನ್ನು ಬಿಟ್ಟುಕೊಡಬಹುದು.

ಮೊದಲ ಹಂತ: ಗಣನೀಯ ಪ್ರಶ್ನೆ

ಆಯೋಗದ ಮುಂದೆ ಬಂದ ಮನವಿ ಎರಡು ಹಂತಗಳನ್ನು ದಾಟುತ್ತದೆ. ಮೊದಲನೆಯದರಲ್ಲಿ, ಇದರಲ್ಲಿ 'ಗಣನೀಯ ಪ್ರಶ್ನೆ' ಇದೆಯೇ ಎಂದು ಮಾತ್ರ ನೋಡಲಾಗುತ್ತದೆ. ಇಲ್ಲವೆಂದು ಆಯೋಗ ನಿರ್ಧರಿಸದ ಹೊರತು ಮನವಿಯನ್ನು ಕೇಳಲೇಬೇಕೆಂದು ಕಾಯ್ದೆ ಹೇಳುತ್ತದೆ. ಅಂದರೆ ಕಾನೂನಿನ ಒಲವು ಕೇಳುವುದರ ಕಡೆಗಿದೆ. ಇದನ್ನು ತೂಗಲು ನಿಯಮಾವಳಿಯಲ್ಲಿ ಐದು ಅಂಶಗಳಿವೆ: ಸ್ಥಳೀಯ ತೀರ್ಮಾನಕ್ಕೆ ಸಂಗತಿ ಮತ್ತು ಕಾನೂನಿನ ಬೆಂಬಲ ಎಷ್ಟಿದೆ, ಯೋಜನೆಯ ಗಾತ್ರ ಮತ್ತು ವ್ಯಾಪ್ತಿ ಎಷ್ಟು, ಬಾಧೆಗೊಳಗಾಗುವ ಕರಾವಳಿ ಸಂಪನ್ಮೂಲದ ಮಹತ್ವವೇನು, ಈ ತೀರ್ಮಾನ ಮುಂದಿನವುಗಳಿಗೆ ಮೇಲ್ಪಂಕ್ತಿಯಾಗುತ್ತದೆಯೇ, ಪ್ರಶ್ನೆ ಆ ಊರಿನದಷ್ಟೆಯೇ, ಇಡೀ ಪ್ರದೇಶದ ಅಥವಾ ರಾಜ್ಯದ ಮಟ್ಟದ್ದೇ.

ಸಭೆಗೆ ಮುಂಚೆ ಆಯೋಗದ ಸಿಬ್ಬಂದಿ ತಮ್ಮ ಶಿಫಾರಸನ್ನು ವರದಿಯಾಗಿ ಪ್ರಕಟಿಸುತ್ತಾರೆ. ಗಣನೀಯ ಪ್ರಶ್ನೆ ಇದೆ ಎಂದು ಸಿಬ್ಬಂದಿ ಹೇಳಿದ್ದು, ವಾದ ಕೇಳಬೇಕೆಂದು ಮೂವರು ಸದಸ್ಯರು ಬಯಸದಿದ್ದರೆ, ಈ ಹಂತ ಚರ್ಚೆಯಿಲ್ಲದೆ ಮುಗಿಯುತ್ತದೆ. ವಾದ ಕೇಳಿದರೂ ಮಾತಾಡುವ ಅವಕಾಶ ಅರ್ಜಿದಾರನಿಗೆ, ಸ್ಥಳೀಯವಾಗಿ ವಿರೋಧಿಸಿದ್ದವರಿಗೆ ಮತ್ತು ಸ್ಥಳೀಯ ಆಡಳಿತಕ್ಕೆ ಮಾತ್ರ. ಉಳಿದವರು ಬರಹದಲ್ಲಿ ತಿಳಿಸಬಹುದು. ಗಣನೀಯ ಪ್ರಶ್ನೆ ಇಲ್ಲವೆಂದಾದರೆ ಊರಿನ ಪರವಾನಗಿ ಹಾಗೇ ಊರ್ಜಿತ.

ಎರಡನೆಯ ಹಂತ: ಹೊಸದಾಗಿ ವಿಚಾರಣೆ

ಗಣನೀಯ ಪ್ರಶ್ನೆ ಇದೆ ಎಂದ ಕೂಡಲೇ ಸ್ಥಳೀಯ ಪರವಾನಗಿ ಬಲ ಕಳೆದುಕೊಳ್ಳುತ್ತದೆ. ಅರ್ಜಿ ಆಯೋಗದ ಮುಂದೆ ಈಗಷ್ಟೇ ಬಂದಿತೋ ಎಂಬಂತೆ ವಿಚಾರಣೆ ಬುಡದಿಂದ ಶುರುವಾಗುತ್ತದೆ. ಸ್ಥಳೀಯ ಆಡಳಿತ ಮಾಡಿದ್ದು ಸರಿಯೇ ತಪ್ಪೇ ಎನ್ನುವುದು ಈಗ ಪ್ರಶ್ನೆಯಲ್ಲ. ಈ ಯೋಜನೆಗೆ ಪರವಾನಗಿ ಕೊಡಬಹುದೇ ಎಂಬುದೇ ಪ್ರಶ್ನೆ. ಅಳತೆಗೋಲು ಆ ಊರಿನ ಪ್ರಮಾಣೀಕೃತ ಕಾರ್ಯಕ್ರಮ. ಜಾಗ ಕಡಲಿಗೂ ಮೊದಲ ಸಾರ್ವಜನಿಕ ರಸ್ತೆಗೂ ನಡುವೆ ಇದ್ದರೆ ಕಾಯ್ದೆಯ ಸಾರ್ವಜನಿಕ ದಾರಿ ಮತ್ತು ವಿಹಾರದ ನೀತಿಗಳೂ ಸೇರುತ್ತವೆ. ಈ ಹಂತದಲ್ಲಿ ಯಾರು ಬೇಕಾದರೂ ಮಾತಾಡಬಹುದು. ಆಯೋಗ ಪರವಾನಗಿ ಕೊಡಬಹುದು, ನಿರಾಕರಿಸಬಹುದು, ಇಲ್ಲವೇ ಷರತ್ತುಗಳೊಡನೆ ಕೊಡಬಹುದು. ಕಟ್ಟಡವನ್ನು ದಿಣ್ಣೆಯ ಅಂಚಿನಿಂದ ಹಿಂದಕ್ಕೆ ಸರಿಸಬೇಕು, ಎತ್ತರ ತಗ್ಗಿಸಬೇಕು, ದಾರಿ ಬಿಡಬೇಕು, ಮುಂದೆ ಕಡಲ್ಕೊರೆತ ಬಂದರೂ ತಡೆಗೋಡೆ ಕೇಳಬಾರದು ಎಂಬಂಥವು ಸಾಮಾನ್ಯ ಷರತ್ತುಗಳು.

ತೆರೆಯ ಹಿಂದಿನ ಮಾತುಕತೆಗೆ ಕಾಯ್ದೆ ಕಡಿವಾಣ ಹಾಕಿದೆ. ಸಭೆಯ ಹೊರಗೆ ಯಾವುದೇ ಪಕ್ಷದವರು ಸದಸ್ಯರೊಡನೆ ಪ್ರಕರಣದ ಬಗ್ಗೆ ಮಾತಾಡಿದರೆ ಸದಸ್ಯರು ಅದನ್ನು ಏಳು ದಿನಗಳೊಳಗೆ ಬಹಿರಂಗಪಡಿಸಬೇಕು.

ಆಯೋಗದ ತೀರ್ಮಾನವೂ ಕೊನೆಯ ಮಾತಲ್ಲ. ಬಾಧಿತನಾದವನು 60 ದಿನಗಳೊಳಗೆ ರಾಜ್ಯದ ಸುಪೀರಿಯರ್ ಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಬಹುದು. ನ್ಯಾಯಾಲಯ ಸಂಗತಿಗಳನ್ನು ಮತ್ತೆ ಮೊದಲಿನಿಂದ ತೂಗುವುದಿಲ್ಲ. ಆಯೋಗ ಕಾನೂನಿನಂತೆ ನಡೆಯಿತೇ, ತೀರ್ಮಾನಕ್ಕೆ ತಕ್ಕ ಸಾಕ್ಷ್ಯವಿದೆಯೇ ಎಂದು ನೋಡುತ್ತದೆ.

ಕೆಲವು ಪ್ರಕರಣಗಳು

ಆಯೋಗದ ಕೈ ಎಷ್ಟು ಉದ್ದ ಎಂಬುದನ್ನು ನ್ಯಾಯಾಲಯಗಳು ಒಂದೊಂದೇ ಪ್ರಕರಣದಲ್ಲಿ ಅಳೆದಿವೆ. ಷರತ್ತುಗಳ ಎಲ್ಲೆಯನ್ನು ಗುರುತಿಸಿದ್ದು 1987ರ ನೋಲನ್ ಪ್ರಕರಣ. ವೆಂಚುರ ಕೌಂಟಿಯ ತೀರದಲ್ಲಿ ಹಳೆಯ ಮನೆಯ ಜಾಗದಲ್ಲಿ ದೊಡ್ಡ ಮನೆ ಕಟ್ಟಲು ಪರವಾನಗಿ ಕೊಡುವಾಗ, ಮನೆಯ ಮುಂದಿನ ಮರಳಿನ ಮೇಲೆ ಸಾರ್ವಜನಿಕರು ಹಾದುಹೋಗಲು ಬಿಡಬೇಕೆಂದು ಆಯೋಗ ಷರತ್ತು ಹಾಕಿತ್ತು. ಆ ಮನೆಯಿಂದ ಆಗುವ ತೊಂದರೆಗೂ ಕೇಳಿದ ಷರತ್ತಿಗೂ ನೇರ ಸಂಬಂಧವಿರಬೇಕು, ಇಲ್ಲದಿದ್ದರೆ ಪರಿಹಾರ ಕೊಡದೆ ಆಸ್ತಿ ಕಿತ್ತುಕೊಂಡಂತೆ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 5-4 ಬಹುಮತದಿಂದ ಹೇಳಿತು. ಇದು ಮೇಲ್ಮನವಿಯ ಪ್ರಕರಣವಲ್ಲವಾದರೂ ಅಂದಿನಿಂದ ಮೇಲ್ಮನವಿಗಳಲ್ಲಿ ಹಾಕುವ ಪ್ರತಿ ಷರತ್ತೂ ಈ ತಕ್ಕಡಿಯಲ್ಲಿ ತೂಗಿಸಿಕೊಳ್ಳಬೇಕಾಯಿತು.

2008ರಲ್ಲಿ ಬಂದ ಎರಡು ತೀರ್ಪುಗಳನ್ನು ಜೊತೆಯಾಗಿ ಓದಬೇಕು. ಸಾನ್ ಲೂಯಿಸ್ ಒಬಿಸ್ಪೊ ಕೌಂಟಿಯ ಲಾಸ್ ಓಸೋಸ್‌ನ ವಸತಿ ಯೋಜನೆಯೊಂದರಲ್ಲಿ, ಸ್ಥಳೀಯ ಕಾರ್ಯಕ್ರಮಕ್ಕೆ ಕೌಂಟಿ ಹೇಳಿದ ಅರ್ಥಕ್ಕೆ ಆಯೋಗ ಕಟ್ಟುಬಿದ್ದಿಲ್ಲ ಎಂದು ನ್ಯಾಯಾಲಯ ಹೇಳಿತು. ಆ ಅರ್ಥವೇ ಅಂತಿಮವಾದರೆ ಮೇಲ್ಮನವಿಗೆ ಅರ್ಥವಿರದು. ಅದೇ ವರ್ಷ ಮಾಂಟೆರೆ ಕೊಲ್ಲಿಯ ಸ್ಯಾಂಡ್ ಸಿಟಿಯ ವಿಹಾರಧಾಮದ ಪ್ರಕರಣದಲ್ಲಿ ಆಯೋಗ ಸೋತಿತು. ಮರಳದಿಬ್ಬದ ಆ ಜಾಗವನ್ನು ಸ್ಥಳೀಯ ಕಾರ್ಯಕ್ರಮ ಸೂಕ್ಷ್ಮ ಜೀವನೆಲೆಯೆಂದು ಗುರುತಿಸಿರಲಿಲ್ಲ. ಮೇಲ್ಮನವಿಯ ವಿಚಾರಣೆಯಲ್ಲಿ ಆಯೋಗ ಹಾಗೆಂದು ಘೋಷಿಸಿ ಪರವಾನಗಿ ನಿರಾಕರಿಸಿತ್ತು. ತಾನೇ ಒಪ್ಪಿದ ಕಾರ್ಯಕ್ರಮವನ್ನು ಮೇಲ್ಮನವಿಯ ನೆಪದಲ್ಲಿ ತಿದ್ದುವ ಅಧಿಕಾರ ಆಯೋಗಕ್ಕಿಲ್ಲ ಎಂದು ನ್ಯಾಯಾಲಯ ಸಾರಿತು. ನಿಯಮವನ್ನು ಓದುವುದು ಆಯೋಗದ ಹಕ್ಕು, ಹೊಸದಾಗಿ ಬರೆಯುವುದು ಅಲ್ಲ.

ಕಡಲ್ಕೊರೆತದ ವಿಷಯದಲ್ಲಿ 2019ರ ಎನ್ಸಿನಿಟಾಸ್ ತೀರ್ಪು ಮುಖ್ಯ. ಸಾನ್ ಡಿಯೇಗೊ ಕೌಂಟಿಯ ಈ ನಗರ ಕಡಲ ದಿಣ್ಣೆಯ ಮೇಲೆ ಮನೆಯೊಂದಕ್ಕೆ ಪರವಾನಗಿ ಕೊಟ್ಟಿತ್ತು. ಮೇಲ್ಮನವಿಯಲ್ಲಿ ಆಯೋಗ ಆ ಮನೆಯನ್ನು ಅಂಚಿನಿಂದ ಇನ್ನಷ್ಟು ಹಿಂದಕ್ಕೆ ಸರಿಸಬೇಕೆಂದಿತು. ಇಂದು ದಿಣ್ಣೆ ಗಟ್ಟಿಯಾಗಿದ್ದರೆ ಸಾಲದು, 75 ವರ್ಷಗಳ ಕೊರೆತವನ್ನು ಲೆಕ್ಕ ಹಾಕಿದ ಮೇಲೂ ಮನೆ ಭದ್ರವಾಗಿರಬೇಕು ಎಂಬ ಆಯೋಗದ ವಾದವನ್ನು ನ್ಯಾಯಾಲಯ ಒಪ್ಪಿತು. ಕಡಲಮಟ್ಟ ಏರುತ್ತಿರುವ ಕಾಲದಲ್ಲಿ ದಿಣ್ಣೆಯಂಚಿನ ಮನೆ ಒಬ್ಬರ ಖಾಸಗಿ ವಿಷಯವಾಗಿ ಉಳಿಯುವುದಿಲ್ಲ. ಅದನ್ನು ಉಳಿಸಲು ನಾಳೆ ಏಳುವ ತಡೆಗೋಡೆ ಎಲ್ಲರ ಮರಳನ್ನು ತಿನ್ನುತ್ತದೆ.

ಸ್ಥಳೀಯ ನಿರಾಕರಣೆಯ ವಿರುದ್ಧ ಅರ್ಜಿದಾರನೇ ಮೇಲ್ಮನವಿ ಹೋದ ಉದಾಹರಣೆ ಮರೀನ ನಗರದ್ದು. ಕಾರ್ಮೆಲ್ ನದಿಯಿಂದ ಹಕ್ಕು ಮೀರಿ ನೀರೆತ್ತುತ್ತಿದ್ದ ಕ್ಯಾಲ್ ಆಮ್ ಎಂಬ ಖಾಸಗಿ ನೀರು ಸರಬರಾಜು ಕಂಪನಿಗೆ ಪರ್ಯಾಯ ಮೂಲ ಹುಡುಕುವಂತೆ ರಾಜ್ಯ 1995ರಲ್ಲೇ ಆದೇಶಿಸಿತ್ತು. ಮರೀನದ ಮರಳಿನಡಿ ಓರೆಬಾವಿಗಳನ್ನು ಕೊರೆದು ಉಪ್ಪುನೀರನ್ನು ಸಿಹಿ ಮಾಡುವ ಯೋಜನೆಯನ್ನು ಕಂಪನಿ ಮುಂದಿಟ್ಟಿತು. ಅದರ ನೀರು ಮರೀನದವರಿಗಲ್ಲ, ಪಕ್ಕದ ಊರುಗಳಿಗೆ. 2019ರಲ್ಲಿ ಮರೀನ ಪರವಾನಗಿ ನಿರಾಕರಿಸಿತು. ಕಂಪನಿ ಆಯೋಗದ ಮೊರೆ ಹೋಯಿತು. ಹೊರೆ ಒಬ್ಬರಿಗೆ, ಲಾಭ ಇನ್ನೊಬ್ಬರಿಗೆ ಆಗುವುದನ್ನು ಪರಿಸರ ನ್ಯಾಯದ ದೃಷ್ಟಿಯಿಂದ ಪರಿಗಣಿಸುವ ಅಧಿಕಾರವನ್ನು 2016ರ ಕಾನೂನೊಂದು ಆಯೋಗಕ್ಕೆ ಕೊಟ್ಟಿತ್ತು. ಸಿಬ್ಬಂದಿ ಪರವಾನಗಿ ಬೇಡವೆಂದು ಶಿಫಾರಸು ಮಾಡಿದಾಗ 2020ರ ಸೆಪ್ಟೆಂಬರಿನಲ್ಲಿ ಕಂಪನಿ ಅರ್ಜಿಯನ್ನು ಹಿಂತೆಗೆದುಕೊಂಡಿತು. ಪರಿಷ್ಕರಿಸಿ ತಂದ ಯೋಜನೆಗೆ 2022ರ ನವೆಂಬರಿನಲ್ಲಿ ಹಲವು ಷರತ್ತುಗಳೊಡನೆ ಒಪ್ಪಿಗೆ ಸಿಕ್ಕಿತು.

ಟೀಕೆ ಮತ್ತು ಸಮರ್ಥನೆ

ಈ ವ್ಯವಸ್ಥೆಯ ಮೇಲಿನ ಟೀಕೆಗಳನ್ನು ತಳ್ಳಿಹಾಕಲಾಗದು. ವಿಚಾರಣೆ ಮುಂದೂಡುತ್ತಾ ಹೋದರೆ ಯೋಜನೆಗಳು ವರ್ಷಗಟ್ಟಲೆ ನಿಲ್ಲುತ್ತವೆ, ವೆಚ್ಚ ಏರುತ್ತದೆ. ಮನೆಗಳ ಕೊರತೆ ಕಾಡುತ್ತಿರುವ ರಾಜ್ಯದಲ್ಲಿ, ಈಗಾಗಲೇ ತೀರದಲ್ಲಿ ನೆಲೆನಿಂತ ಉಳ್ಳವರು ಹೊಸಬರ ಮನೆಗಳನ್ನು ತಡೆಯಲು ಮೇಲ್ಮನವಿಯನ್ನು ಬಳಸುತ್ತಾರೆ ಎಂಬ ಆಕ್ಷೇಪ ಬಲವಾಗಿದೆ. ಚುನಾಯಿತ ನಗರಸಭೆಯ ಮಾತನ್ನು ನೇಮಕಗೊಂಡ ಆಯೋಗ ತಿರುವಿಹಾಕುವುದು ಸರಿಯೇ ಎಂದು ಕೇಳುವವರೂ ಇದ್ದಾರೆ. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಸುತ್ತಮುತ್ತ ಬೆಂಕಿಯಲ್ಲಿ ಸಾವಿರಾರು ಮನೆಗಳು ಸುಟ್ಟಾಗ, ಸಂತ್ರಸ್ತರು ಬೇಗ ಮರಳಿ ಕಟ್ಟಿಕೊಳ್ಳಲೆಂದು ಗವರ್ನರ್ ಗ್ಯಾವಿನ್ ನ್ಯೂಸಮ್ ಕರಾವಳಿ ಕಾಯ್ದೆಯ ಪರವಾನಗಿ ನಿಯಮಗಳನ್ನು ಆ ಮಟ್ಟಿಗೆ ಅಮಾನತಿನಲ್ಲಿಟ್ಟರು.

ಆದರೂ ಸಮರ್ಥನೆಯ ತಟ್ಟೆ ಭಾರವಾಗಿದೆ. ತೀರದ ನಷ್ಟ ಒಂದೇ ಏಟಿಗೆ ಆಗುವುದಿಲ್ಲ. ಇಲ್ಲೊಂದು ಗೋಡೆ, ಅಲ್ಲೊಂದು ಗೇಟು, ಮತ್ತೊಂದೆಡೆ ಮುಚ್ಚಿದ ತೋಡು, ಹೀಗೆ ಚೂರುಚೂರಾಗಿ ಆಗುತ್ತದೆ. ಪ್ರತಿ ಚೂರನ್ನೂ ಊರು ತನ್ನ ತೆರಿಗೆ, ತನ್ನ ಉದ್ಯೋಗ, ತನ್ನ ಪರಿಚಯಸ್ಥರ ಲೆಕ್ಕದಲ್ಲಿ ನೋಡುತ್ತದೆ, ಅದು ಸಹಜ. ಚೂರುಗಳನ್ನೆಲ್ಲ ಕೂಡಿಸಿ ನೋಡುವ ಕಣ್ಣು ಎಲ್ಲೋ ಒಂದು ಕಡೆ ಇರಬೇಕು. ಮೇಲ್ಮನವಿ ಆ ಕಣ್ಣನ್ನು ಒದಗಿಸುತ್ತದೆ, ಊರಿನ ಅಧಿಕಾರವನ್ನು ಪೂರ್ತಿ ಕಸಿದುಕೊಳ್ಳದೆ.

ಇತರೆಡೆ

ಅಮೆರಿಕದಲ್ಲೇ ಬೇರೆ ಮಾದರಿಗಳಿವೆ. ವಾಷಿಂಗ್ಟನ್ ರಾಜ್ಯದ 1971ರ ತೀರ ನಿರ್ವಹಣಾ ಕಾಯ್ದೆಯಡಿ ಸ್ಥಳೀಯ ಪರವಾನಗಿಯನ್ನು 21 ದಿನಗಳೊಳಗೆ ಆರು ಸದಸ್ಯರ ವಿಚಾರಣಾ ಮಂಡಳಿಯ ಮುಂದೆ ಪ್ರಶ್ನಿಸಬಹುದು.

ಭಾರತದಲ್ಲಿ ಕರಾವಳಿ ನಿಯಂತ್ರಣ ವಲಯ, ಅಂದರೆ ಸಿಆರ್‌ಝಡ್ ಅಧಿಸೂಚನೆ ಮೊದಲು ಹೊರಬಿದ್ದದ್ದು 1991ರ ಫೆಬ್ರವರಿ 19ರಂದು. ನಂತರ 2011ರಲ್ಲಿ ಮತ್ತು 2019ರಲ್ಲಿ ಅದನ್ನು ಹೊಸದಾಗಿ ಬರೆಯಲಾಯಿತು. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳ ಸುಮಾರು 320 ಕಿ.ಮೀ. ತೀರಕ್ಕೆ ಕರ್ನಾಟಕ ರಾಜ್ಯ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರವಿದೆ. ಸಿಆರ್‌ಝಡ್ ಅನುಮೋದನೆಯಿಂದ ಬಾಧಿತರಾದವರು 2010ರ ಕಾಯ್ದೆಯಡಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ತಡವಾದುದಕ್ಕೆ ತಕ್ಕ ಕಾರಣವಿದ್ದರೆ ಇನ್ನೂ 60 ದಿನ ಸಿಗಬಹುದು. ಕರ್ನಾಟಕದ ಪ್ರಕರಣಗಳು ಚೆನ್ನೈನ ದಕ್ಷಿಣ ಪೀಠಕ್ಕೆ ಹೋಗುತ್ತವೆ. ಕ್ಯಾಲಿಫೋರ್ನಿಯದಲ್ಲಿ ಮನವಿ ಕೇಳುವವರು ಜನಪ್ರತಿನಿಧಿಗಳೂ ಸೇರಿದ ಆಯೋಗದವರು. ಇಲ್ಲಿ ನ್ಯಾಯಾಧೀಶರು ಮತ್ತು ತಜ್ಞರು. ಅಲ್ಲಿ ಮನವಿ ದಾಖಲಾದರೆ ಕೆಲಸ ತಾನಾಗಿ ನಿಲ್ಲುತ್ತದೆ. ಇಲ್ಲಿ ತಡೆಯಾಜ್ಞೆಯನ್ನು ಬೇರೆಯಾಗಿ ಕೇಳಿ ಪಡೆಯಬೇಕು.

ಈ ವ್ಯತ್ಯಾಸ ಸಣ್ಣದಲ್ಲ ಎಂಬುದಕ್ಕೆ ನೆರೆಯ ಕೇರಳದ ಮರಡು ಸಾಕ್ಷಿ. ಅಲ್ಲಿನ ಪಂಚಾಯಿತಿ 2006ರ ಸುಮಾರಿಗೆ ಹಿನ್ನೀರಿನ ದಂಡೆಯಲ್ಲಿ ಬಹುಮಹಡಿ ವಸತಿ ಸಮುಚ್ಚಯಗಳಿಗೆ ಪರವಾನಗಿ ಕೊಟ್ಟಿತು. ಕರಾವಳಿ ವಲಯ ಪ್ರಾಧಿಕಾರದ ಒಪ್ಪಿಗೆ ಪಡೆದಿರಲಿಲ್ಲ. ವ್ಯಾಜ್ಯ ನ್ಯಾಯಾಲಯಗಳಲ್ಲಿ ಸಾಗುತ್ತಿರುವಾಗಲೇ ಕಟ್ಟಡಗಳು ಎದ್ದವು, ಸಂಸಾರಗಳು ಬಂದು ನೆಲೆಸಿದವು. 2019ರ ಮೇ 8ರಂದು ಸುಪ್ರೀಂ ಕೋರ್ಟ್ ಅವುಗಳನ್ನು ಕೆಡವಲು ಆದೇಶಿಸಿತು. 2020ರ ಜನವರಿ 11 ಮತ್ತು 12ರಂದು ನಾಲ್ಕು ಸಮುಚ್ಚಯಗಳನ್ನು ಸ್ಫೋಟಕ ಇಟ್ಟು ಉರುಳಿಸಲಾಯಿತು. ಅಡಿಪಾಯ ತೋಡುವ ಮುನ್ನ ಕೇಳಬೇಕಾಗಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಹದಿಮೂರು ವರ್ಷಗಳ ನಂತರ. ಅದರ ಬೆಲೆ ತೆತ್ತವರಲ್ಲಿ ಪರವಾನಗಿಯನ್ನು ನಂಬಿ ಮನೆ ಕೊಂಡವರೂ ಇದ್ದರು.

ಮಹತ್ವ

ಕ್ಯಾಲಿಫೋರ್ನಿಯದ ಕ್ರಮದಿಂದ ಕಲಿಯಬೇಕಾದ್ದು ಆಯೋಗದ ಬಲವನ್ನಷ್ಟೇ ಅಲ್ಲ, ಹೊತ್ತನ್ನು ಕೂಡ. ಪ್ರಶ್ನೆ ಕಟ್ಟಡಕ್ಕಿಂತ ಮೊದಲು ಬರಬೇಕು. ಕೇಳುವವನಿಗೆ ಹಣದ ಅಡ್ಡಿ ಇರಬಾರದು. ಉತ್ತರ ಬರುವವರೆಗೆ ಕೆಲಸ ನಿಲ್ಲಬೇಕು. ಉತ್ತರ ಮೊದಲೇ ಬರೆದಿಟ್ಟ ನಿಯಮದಿಂದ ಹುಟ್ಟಬೇಕು. ಈ ನಾಲ್ಕೂ ಒಂದೆಡೆ ಸೇರಿದಾಗ ಆಸ್ತಿಯವನಿಗೂ ಅನ್ಯಾಯವಾಗದು, ತೀರಕ್ಕೂ ಆಗದು. ಉಳಿದದ್ದು ಜನರ ಕೈಯಲ್ಲಿದೆ. ಊರಿನ ಸಭೆಯಲ್ಲಿ ಎದ್ದು ನಿಂತು ಹೇಳಿದ ಒಂದು ಮಾತು, ಹತ್ತು ಕೆಲಸದ ದಿನಗಳೊಳಗೆ ತಲುಪಿದ ಒಂದು ಮನವಿ, ಇವಿಲ್ಲದಿದ್ದರೆ ಎಂಥ ಕಾಯ್ದೆಯಿದ್ದರೂ ಹತ್ತನೆಯ ದಿನದ ಸಂಜೆ ಪರವಾನಗಿ ಅಂತಿಮವಾಗುತ್ತದೆ.